ತುಂಬದ ಟಾಂಕಿ

ಈಚೆಗೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಅವರು ಕುಡಿಯಲು ನೀರು ತಂದುಕೊಟ್ಟ ಕೂಡಲೇ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯ ಹೊರಗೆ ನೋಡುತ್ತೇನೆ. ಬಾವಿ ಎಲ್ಲಿದೆ? ಬಚ್ಚಲಿನ ಕೊಳವೆ ಯಾವ ಕಡೆಗೆ ಇಳಿದಿದೆ? ನೆಲದ ಇಳಿಜಾರು ಎತ್ತ? ಉಳಿದ ತೆಂಗಿನ ಮರಗಳೆಲ್ಲ ಸೊರಗಿರುವಾಗ ಆ ಒಂದು ಮರ ಮಾತ್ರ ಅಷ್ಟು ಕಪ್ಪು ಹಸಿರಾಗಿರುವುದು ಯಾತಕ್ಕೆ? ಇದನ್ನೆಲ್ಲ ಮನಸ್ಸಿನಲ್ಲೇ ಅಳೆದು ಮುಗಿಸುವ ತನಕ ನೀರು ಗಂಟಲಿಗೆ ಇಳಿಯುವುದಿಲ್ಲ.

ದೇವಬಾಗದ ಒಂದು ಮದುವೆಮನೆಯಲ್ಲಿ ಹೀಗೇ ಪಾನಕದ ಲೋಟ ಹಿಡಿದು ಹಿತ್ತಲಿನಲ್ಲಿ ಸುತ್ತುತ್ತಿದ್ದೆ. ಹುಡುಗಿಯ ಸೋದರಮಾವ ಬಂದು, "ಜಾಗ ಮಾರೂದಿಲ್ಲ ಮಾರಾಯ್ರೇ, ಯಾರೋ ನಿಮ್ಗೆ ಸುಳ್ಳು ಹೇಳಿದ್ದಾರೆ" ಎಂದ. ನಾನು ಜಾಗ ನೋಡಲು ಬಂದವನಲ್ಲ ಎಂದು ಅವನಿಗೆ ತಿಳಿಸಿಹೇಳುವಷ್ಟರಲ್ಲಿ ನನ್ನ ಹೆಂಡತಿ ಅಲ್ಲಿಗೇ ಬಂದಳು.

"ನೀವು ಮದ್ವಿಗೆ ಬಂದದ್ದೋ ಗಟಾರ ನೋಡೂಕೆ ಬಂದದ್ದೋ?"

ಎರಡಕ್ಕೂ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ನಾನು ಎಂಜಿನಿಯರನಲ್ಲ. ಕಾರವಾರದ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಟೈಪು ಮಾಡುತ್ತ ಮಾಡುತ್ತ ನಿವೃತ್ತನಾದವನು. ಈಗ ಬಿಣಗಾದಲ್ಲಿ ಸಣ್ಣದೊಂದು ಮನೆ ಮಾಡಿಕೊಂಡಿದ್ದೇನೆ. ಸಾಕ್ಷಿ ಕಟ್ಟೆಯಲ್ಲಿ ನಿಂತವರು ದಾರಿ ತಪ್ಪಿದಾಗ ನಮ್ಮ ಸಾಹೇಬರೊಬ್ಬರು, "ಕಂಡದ್ದು ಹೇಳಿ, ಅಂದುಕೊಂಡದ್ದು ಬೇಡ" ಎನ್ನುತ್ತಿದ್ದರು. ಇಲ್ಲಿಯೂ ಆದಷ್ಟು ಹಾಗೇ ಹೇಳಲು ನೋಡುತ್ತೇನೆ. ಆದರೆ ಹೇಳಬೇಕಾದದ್ದು ಸ್ವಂತ ಮನೆಯ ಸಂಗತಿಯಾದಾಗ ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು ಎಂದು ಬೇರೆ ಮಾಡುವುದು ಎಷ್ಟು ಕಷ್ಟವೆಂದು ಆ ಸಾಹೇಬರಿಗೆ ಗೊತ್ತಿತ್ತೋ ಇಲ್ಲವೋ.

ನಮ್ಮ ಮೂಲ ಮನೆ ಅಂಕೋಲೆಯ ಹತ್ತಿರ, ಹೆದ್ದಾರಿಯ ಬದಿಗೆ. ಹಿಂದೆ ಸ್ವಲ್ಪ ದೂರದಲ್ಲಿ ಸಮುದ್ರದ ನೀರು ಏರಿ ಇಳಿಯುವ ಹೊಳೆ. ಬೇಸಿಗೆ ಬಂತೆಂದರೆ ನಮ್ಮ ಕೇರಿಯ ಬಾವಿಗಳಿಗೆಲ್ಲ ಉಪ್ಪು ಏರುತ್ತಿತ್ತು. ಚಹಾ ಕುದಿಸಿದರೆ ಹಾಲು ಒಡೆಯುತ್ತಿತ್ತು. ನಮ್ಮದೊಂದು ಬಾವಿ ಮಾತ್ರ ಸಿಹಿಯಾಗಿಯೇ ಇರುತ್ತಿತ್ತು. ಬತ್ತುತ್ತಲೂ ಇರಲಿಲ್ಲ. ನಮ್ಮ ಮನೆಗೆ ಇದ್ದ ದೊಡ್ಡಸ್ತಿಕೆ ಎರಡೇ. ಒಂದು ಬತ್ತದ ಬಾವಿ, ಇನ್ನೊಂದು ತುಂಬದ ಟಾಂಕಿ.

ಟಾಂಕಿಯ ಕತೆ ಮೊದಲು ಹೇಳುತ್ತೇನೆ. ನಾನು ಕನ್ನಡ ಶಾಲೆಯಲ್ಲಿದ್ದಾಗ ಅಪ್ಪ ಮನೆಯ ಹಿಂದೆ ಪಾಯಖಾನೆ ಕಟ್ಟಿಸಿದ. ಅಲ್ಲಿಯ ತನಕ ನಮಗೆಲ್ಲ ಗೇರುಗುಡ್ಡವೇ ಗತಿ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಕೊಡೆ. ಗಾಳಿ ಬಂದರೆ ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು ಎಂಬ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಕಂಡುಕೊಂಡಿಲ್ಲ. ಅಪ್ಪ ಗುಂಡಿ ತೋಡಿಸಿ, ಸುತ್ತ ಚಿರೇಕಲ್ಲು ಕಟ್ಟಿಸಿ, ಮೇಲೆ ದಪ್ಪ ಹಾಸುಗಲ್ಲು ಹೊದಿಸಿದ. ಕಲ್ಲುಗಳ ನಡುವೆ ಗಾರೆಯಿಲ್ಲ. ಬುಡವೂ ಬರೀ ಮಣ್ಣು. ನೀರು ಇಂಗಬೇಕಲ್ಲ ಎಂದು ಆಗ ಎಲ್ಲರೂ ಹಾಗೇ ಕಟ್ಟಿಸುತ್ತಿದ್ದರು. ಅದಕ್ಕೆ ಟಾಂಕಿ ಎಂದು ಹೆಸರು ಮಾತ್ರ.

ಅಜ್ಜಿ ಅದನ್ನು ದೂರದಿಂದಲೇ ನೋಡಿ, "ಉಂಬೂ ಮನಿ ಬೆನ್ನಿಗೇ ಇದೆಂಥಾದ್ದು ಕಟ್ಟಿ ಇಟ್ಯೋ" ಎಂದು ಮುಖ ತಿರುಗಿಸಿದಳು. ಮಂಡಿ ಕೈಕೊಡುವ ತನಕ ಅವಳು ಗೇರುಗುಡ್ಡವನ್ನು ಬಿಡಲಿಲ್ಲ. ಉಳಿದವರಿಗೂ ಮೊದಲು ಯಾರು ಹೋಗುವುದೆಂಬ ನಾಚಿಕೆ. ಒಬ್ಬರು ಒಳಗಿದ್ದಾರೆಂದು ಎಲ್ಲರಿಗೂ ತಿಳಿಯುವುದೇ ದೊಡ್ಡ ಅವಮಾನದಂತೆ ಕಾಣುತ್ತಿತ್ತು. ಕಟ್ಟಿ ಮುಗಿದ ಮೇಲೂ ಅದು ಹಾಗೇ ಬೀಗ ಹಾಕಿದ ದೇವಸ್ಥಾನದ ಹಾಗೆ ನಿಂತಿತ್ತು. ಕೊನೆಗೆ ಸುಂಕಸಾಳದಿಂದ ಬಂದ ಅಪ್ಪನ ಭಾವ ಊಟವಾದ ಮೇಲೆ ಎರಡು ಲೋಟ ಮಜ್ಜಿಗೆ ಕುಡಿದು, ಇದೆಲ್ಲ ಏನೂ ತಿಳಿಯದೆ ನೆಟ್ಟಗೆ ಒಳಗೆ ನಡೆದುಬಿಟ್ಟ. ಹೊರಗೆ ಬಂದಾಗ ನಾವೆಲ್ಲ ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದೆವು. "ಎಂತಾ ಆಯ್ತು? ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದ ಪಾಪ.

ಅದೇ ಭಾವನ ಮನೆಯ ಟಾಂಕಿ ಮಗಳ ನಿಶ್ಚಿತಾರ್ಥದ ದಿನವೇ ತುಂಬಿ ಅಂಗಳಕ್ಕೆ ಬಂತು. ಅಪ್ಪನಿಗೆ ಅದೊಂದು ಸಿಕ್ಕಿತು. ಆಮೇಲೆ ಬಂದವರಿಗೆಲ್ಲ, "ಅವ್ರದ್ದು ಸಿಮೆಂಟಿನದು ನೋಡಿ, ತುಂಬಿ ಹೋಯ್ತು. ನಮ್ದು ತುಂಬೂದೇ ಇಲ್ಲ" ಎಂದು ಹೇಳುತ್ತಿದ್ದ. ತುಂಬದ ಟಾಂಕಿಯೆಂದರೆ ಖರ್ಚಿಲ್ಲದ ಟಾಂಕಿ, ನಾಚಿಕೆಪಡಿಸದ ಟಾಂಕಿ. ಅಪ್ಪನ ಬಾಯಿಂದ ಅಣ್ಣನ ಬಾಯಿಗೆ, ಅಣ್ಣನಿಂದ ಅವನ ಹೆಂಡತಿಗೆ ಆ ಮಾತು ಮನೆಯ ಆಸ್ತಿಯಂತೆ ಬಂತು.

ಕೇರಿಯವರು ಶಾರದಕ್ಕ ಎನ್ನುವ ಅಣ್ಣನ ಹೆಂಡತಿಯನ್ನು ನಾವು ವೈನಿ ಎಂದು ಕರೆಯುತ್ತೇವೆ. ನಾನು ಬರೆಯಬೇಕೆಂದಿರುವುದು ನಿಜವಾಗಿ ವೈನಿಯ ಸಂಗತಿಯನ್ನೇ. ಅವಳು ಮದುವೆಯಾಗಿ ಬಂದ ದಿನದಿಂದ ಆ ಬಾವಿ ಅವಳದ್ದಾಯಿತು. ನಮ್ಮ ಕಡೆ ಬಂದವರಿಗೆ ಮೊದಲು, "ಆಸರಿಗೆ ಎಂತಾ ಬೇಕು?" ಎಂದು ಬಾಯಾರಿಕೆಗೆ ಕೇಳುವುದು ರೂಢಿ. ಎಂತಾದರೂ ಬರಲಿ, ಅದಕ್ಕೂ ಮೊದಲು ಒಂದು ಬೆಲ್ಲದ ಚೂರು, ಒಂದು ಲೋಟ ನೀರು. ವೈನಿ ಲೋಟವನ್ನು ಕೈಗೆ ಕೊಟ್ಟು ಹೋಗಿಬಿಡುವವಳಲ್ಲ. ನೀವು ಕುಡಿದು ಕೆಳಗಿಡುವ ತನಕ ನಿಂತಿರುತ್ತಿದ್ದಳು. "ಹಗೂರ ಅದೆ ಅಲ್ಲಾ ನೀರು?" ಎಂದು ಕೇಳುತ್ತಿದ್ದಳು. ನೀವು ಹೌದೆಂದ ಮೇಲೆ ಒಳಗೆ ಹೋಗುತ್ತಿದ್ದಳು.

ಬೇಸಿಗೆಯಲ್ಲಿ ಕೇರಿಯ ಹೆಂಗಸರೆಲ್ಲ ಕೊಡ ಹಿಡಿದು ನಮ್ಮ ಬಾವಿಗೆ ಬರುತ್ತಿದ್ದರು. ಯಾವ ಹೊತ್ತಿಗೆ ಬಂದರೂ ವೈನಿ ಬೇಡವೆಂದದ್ದನ್ನು ನಾನು ಕಂಡಿಲ್ಲ. ಒಮ್ಮೆ ಅಣ್ಣ, "ನಮ್ಗೂ ಸ್ವಲ್ಪ ಬಿಡು ಅಂತ ಹೇಳೇ" ಎಂದು ಗೊಣಗಿದಾಗ ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಮ್ನಿರಿ. ಕೊಡ ಹಿಡ್ಕಂಡು ಬಂದವ್ರಿಗೆ ಇಲ್ಲ ಅಂದ್ರೆ ಬಾವಿಗೆ ಕೇಳಿಸ್ತದೆ." ಬಾವಿಗೆ ಒಮ್ಮೆ ಕೇಳಿಸಿದರೆ ಅದೂ ಇಲ್ಲ ಎನ್ನಲು ಕಲಿಯುತ್ತದೆ ಎಂಬುದು ಅವಳ ನಂಬಿಕೆ.

ಹೆದ್ದಾರಿ ಅಗಲವಾದಾಗ ನಮ್ಮ ಕಡೆಯ ಎಷ್ಟೋ ಮನೆಗಳು ಮುಖ ತಿರುಗಿಸಿದವು. ಸಮುದ್ರದ ಕಡೆಯ ಹಳೆಯ ರಸ್ತೆಯಲ್ಲಿ ಓಡಾಟ ನಿಂತಿತು. ಹಿತ್ತಲ ಕಡೆಗೆ ದೊಡ್ಡ ರಸ್ತೆ ಬಂತು. ರಸ್ತೆಗೆ ಬೆನ್ನು ಹಾಕಿ ಕೂತ ಮನೆ ಯಾರಿಗೆ ಬೇಕು? ಅಣ್ಣನೂ ನಮ್ಮ ಮನೆಯನ್ನು ತಿರುಗಿಸಿದ. ಹಿತ್ತಲ ಬಾಗಿಲು ಹೆಬ್ಬಾಗಿಲಾಯಿತು. ಅಡುಗೆಮನೆ ಆಚೆ ಹೋಯಿತು. ಬಾವಿ ಮನೆಯ ಪಕ್ಕದಲ್ಲಿತ್ತು, ಅದು ಇದ್ದಲ್ಲೇ ಉಳಿಯಿತು. ಟಾಂಕಿಯೂ ಇದ್ದಲ್ಲೇ ಉಳಿಯಿತು. ಆದರೆ ಮನೆ ತಿರುಗಿದ್ದರಿಂದ ಅದು ಈಗ ನೇರ ಅಂಗಳದ ನಡುವೆ ಬಂತು.

ಅಂಗಳದಲ್ಲಿ ಟಾಂಕಿ ಇದೆಯೆಂದು ಯಾರು ಹೇಳಿಕೊಳ್ಳುತ್ತಾರೆ? ಅಣ್ಣ ಹಳೆಯ ಪಾಯಖಾನೆಯನ್ನು ಕೆಡವಿಸಿ ಟಾಂಕಿಯ ಮೇಲೆ ಮಣ್ಣು ಹರಡಿಸಿದ. ಆಮೇಲೆ ತುಳಸಿಯನ್ನು ಹಳೆಯ ಅಂಗಳದಿಂದ ಹೊಸ ಅಂಗಳಕ್ಕೆ ತರಬೇಕಾಯಿತು. ಮನೆಯ ಎದುರಿಗೆ, ಬಾಗಿಲಿಗೆ ಸರಿಯಾಗಿ ಬರುವಂತೆ ಜಾಗ ನೋಡಿದರೆ ಅಲ್ಲೇ ಕೆಳಗೆ ಗಟ್ಟಿ ಹಾಸುಗಲ್ಲು. ಬುನಾದಿ ತೋಡುವ ಕೆಲಸ ಉಳಿಯಿತೆಂದು ಮೇಸ್ತ್ರಿಗೂ ಖುಷಿ. ತುಳಸಿಕಟ್ಟೆ ಅದರ ಮೇಲೆಯೇ ಎದ್ದು ನಿಂತಿತು. ಅಣ್ಣನಿಗೆ ಕೆಳಗೆ ಏನಿದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ. ಆದರೆ ಇದು ನಾನು ಅಂದುಕೊಂಡದ್ದು, ಕಂಡದ್ದಲ್ಲ. ಕೇಳೋಣವೆಂದರೆ ಅಣ್ಣ ಈಗ ಇಲ್ಲ.

ಆ ತುಳಸಿ ಬೆಳೆದದ್ದನ್ನು ಮಾತ್ರ ನಾನು ಕಂಡಿದ್ದೇನೆ. ನನ್ನ ಭುಜದೆತ್ತರಕ್ಕೆ ಬಂದಿತ್ತು. ಕಾರ್ತಿಕದಲ್ಲಿ ತುಳಸಿ ಮದುವೆಗೆ ಕಬ್ಬು, ನೆಲ್ಲಿಕೊಂಬೆ ಕಟ್ಟಿದರೆ ಅದರ ನಡುವೆ ಅದು ನಿಜವಾಗಿಯೂ ಮದುಮಗಳ ಹಾಗೆ ಕಾಣುತ್ತಿತ್ತು. ಬಂದವರೆಲ್ಲ ಅದರ ಬೀಜ ಕೇಳಿ ಒಯ್ಯುತ್ತಿದ್ದರು. ಅವರ ಮನೆಯಲ್ಲಿ ಅದು ಆ ಎತ್ತರಕ್ಕೆ ಬರುತ್ತಿರಲಿಲ್ಲ. "ಕೈಗುಣ" ಎನ್ನುತ್ತಿದ್ದಳು ವೈನಿ.

ಮನೆ ತಿರುಗಿದ ಮೇಲೆ ಒಳಗೆ ಹೊಸ ಬಚ್ಚಲುಗಳಾದವು. ಬಾವಿಗೆ ಪಂಪು ಬಂತು. ಬಟ್ಟೆ ತೊಳೆಯುವ ಮಷೀನು ಬಂತು. ಎಲ್ಲದರ ಕೊಳವೆಗಳೂ ಹೋಗಿ ಕೂಡಿದ್ದು ಅಪ್ಪ ಕಟ್ಟಿಸಿದ ಅದೇ ಟಾಂಕಿಗೆ. ಆದರೂ ಅದು ತುಂಬಲಿಲ್ಲ. ನಮ್ಮ ಹೆಮ್ಮೆ ಇನ್ನಷ್ಟು ಹೆಚ್ಚಿತು.

ವೈನಿಯ ಮಗಳು ಸುಮಾ, ಅಳಿಯ ಅದೇ ಮನೆಯಲ್ಲಿದ್ದಾರೆ. ಹೆದ್ದಾರಿಯಲ್ಲಿ ಹೋಗಿಬರುವ ಪ್ರವಾಸಿಗರಿಗೆ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡೋಣವೆಂದು ಸುಮಾಳ ಯೋಚನೆ. ಇನ್ನೆರಡು ಬಚ್ಚಲು ಹೆಚ್ಚಾಗುತ್ತವಲ್ಲ, ಟಾಂಕಿ ತಡೆದೀತೇ ಎಂದು ಒಮ್ಮೆ ತೋರಿಸಿಬಿಡು ಎಂದವನು ನಾನೇ. ಕಾರವಾರದಲ್ಲಿ ಎಂಜಿನಿಯರನಾಗಿದ್ದ ವಿನಾಯಕ ನನ್ನ ಶಾಲೆಯ ಗೆಳೆಯ. ಈ ಬೇಸಿಗೆಯ ಮೊದಲಿಗೆ ಅವನನ್ನು ಕರೆದುಕೊಂಡು ಹೋದೆ.

ವೈನಿ ಅವನಿಗೂ ಬೆಲ್ಲ, ನೀರು ಕೊಟ್ಟಳು. ಹಗೂರ ಅದೆ ಅಲ್ಲಾ ಎಂದು ಕೇಳಿದಳು. ಅವನು ಹೌದೆಂದ. ನಾನು ಅಲ್ಲೇ ಇದ್ದೆ, ಅವನು ಪೂರಾ ಲೋಟ ಕುಡಿದದ್ದನ್ನು ಕಂಡೆ.

ಆಮೇಲೆ ವಿಚಾರಣೆ ಶುರುವಾಯಿತು. ಮನೆಯಲ್ಲಿ ಎಷ್ಟು ಜನ? ಮಷೀನು ದಿನಾ ಓಡುತ್ತದೆಯೇ? ಮಳೆಗಾಲದಲ್ಲಿ ಪಾಯಖಾನೆಯ ನೀರು ನಿಧಾನವಾಗುತ್ತದೆಯೇ?

"ಕಡೇ ಸಲ ಖಾಲಿ ಮಾಡ್ಸಿದ್ದು ಯಾವಾಗ ವೈನಿ?"

"ಖಾಲಿ ಎಂತಕೆ ಮಾಡ್ಸೂದು? ನಮ್ದು ತುಂಬೂದೇ ಇಲ್ಲ."

"ಒಂದು ಸಲನೂ ಮಾಡ್ಸ್ಲಿಲ್ಲ?"

"ಮಾವನವ್ರ ಕಾಲದಿಂದ ಇಲ್ಲ" ಎಂದು ವೈನಿ ನನ್ನ ಕಡೆ ತಿರುಗಿ ನಕ್ಕಳು. ನಾನೂ ನಕ್ಕೆ. ವಿನಾಯಕ ನಗಲಿಲ್ಲ. ಖಾಲಿ ಲೋಟವನ್ನು ಒಮ್ಮೆ ನೋಡಿ ಕೆಳಗಿಟ್ಟ.

"ಎಲ್ಲದೆ ಅದು?"

ಆಗ ಗೊತ್ತಾಯಿತು, ಅದು ಎಲ್ಲಿದೆಯೆಂದು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಸುಮಾ ಹಿತ್ತಲೆಂದಳು. ಅಳಿಯ ಬಾವಿಯ ಆಚೆ ಎಂದ. ನಾನು ಚಿಕ್ಕಂದಿನ ನೆನಪಿನಿಂದ ಮನೆಯ ಹಿಂದೆ ಎಂದು ಹೇಳಿ ಹಿಂದೆ ಹೋದೆ. ಮನೆಯೇ ತಿರುಗಿದೆಯೆಂಬುದು ಅಲ್ಲಿ ಹೋಗಿ ನಿಂತ ಮೇಲೆ ನೆನಪಾಯಿತು. ಹುಟ್ಟಿ ಬೆಳೆದ ಮನೆಯಲ್ಲಿ ದಿಕ್ಕು ತಪ್ಪಿದವನೆಂದು ವಿನಾಯಕ ಇನ್ನೂ ಹಾಸ್ಯ ಮಾಡುತ್ತಾನೆ. ಅವನು ಬಚ್ಚಲಿನ ಕೊಳವೆ ಹೊರಬಿದ್ದಲ್ಲಿಂದ ಒಂದು ಕಬ್ಬಿಣದ ಸರಳು ಹಿಡಿದು ನೆಲಕ್ಕೆ ಕುಟ್ಟುತ್ತ ಕುಟ್ಟುತ್ತ ನಡೆದ. ನಾವು ಹಿಂದೆ. ಅಂಗಳದ ನಡುವೆ ಬಂದಾಗ ಸದ್ದು ಬದಲಾಯಿತು, ಬೋರಲು ಹಾಕಿದ ಪಾತ್ರೆಗೆ ಬಡಿದ ಹಾಗೆ. ತುಳಸಿಕಟ್ಟೆಯ ಸುತ್ತ ನಾಲ್ಕೂ ಕಡೆ ಕುಟ್ಟಿದ. ನಾಲ್ಕೂ ಕಡೆ ಅದೇ ಸದ್ದು.

ವೈನಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಅಲ್ಲಿ ದಿನಾ ದೀಪ ಇಡ್ತೆ ನಾನು" ಎಂದಳು.

ಪುರೋಹಿತರಿಗೆ ಫೋನು ಮಾಡಿ ಕೇಳಿದ್ದಾಯಿತು. ವಿಷಯ ಏನೆಂದು ಪೂರಾ ಹೇಳಲಿಲ್ಲ, ತುಳಸಿಯನ್ನು ಸ್ವಲ್ಪ ಸರಿಸಬೇಕಾಗಿದೆ ಎಂದಷ್ಟೇ ಹೇಳಿದೆವು. ವೈನಿ ಮಿಂದು ಬಂದು, ಗಿಡವನ್ನು ಬೇರಿನ ಮಣ್ಣಿನ ಸಮೇತ ತಾನೇ ಎತ್ತಿ ಬೇರೆ ಕಡೆ ಇಟ್ಟಳು. ಅದರ ಒಂದು ಉದ್ದದ ಬೇರು ಹಾಸುಗಲ್ಲಿನ ಸಂದಿಯಲ್ಲಿ ಇಳಿದು ಹೋಗಿತ್ತು. ಎಳೆದರೆ ಬರಲಿಲ್ಲ. ಅವಳು ಅದನ್ನು ಕತ್ತಿಯಿಂದ ಕೊಯ್ಯುವಾಗ ಮುಖ ಆಚೆ ಮಾಡಿದಳು.

ಕಟ್ಟೆ ತೆಗೆದು ಕಲ್ಲು ಸರಿಸಿದ ಮೇಲೆ ವಿನಾಯಕ ನಮ್ಮನ್ನೆಲ್ಲ ದೂರ ನಿಲ್ಲಿಸಿದ. ಒಳಗಿನ ಗಾಳಿ ವಿಷ, ಬಗ್ಗಿ ನೋಡಬಾರದು, ಬೆಂಕಿಕಡ್ಡಿ ಗೀರಬಾರದು. ಬಹಳ ಹೊತ್ತು ಕಾದು, ಉದ್ದದ ಬಿದಿರಿಗೆ ಹಳೆಯ ಬಿಳಿ ಪಂಚೆಯನ್ನು ಸುತ್ತಿ ದೂರದಿಂದಲೇ ಇಳಿಸಿದ. ಮೇಲೆ ತೆಗೆದಾಗ ಪಂಚೆಯ ಕೆಳತುದಿ ಮಾತ್ರ ಒದ್ದೆಯಾಗಿತ್ತು. ಇಷ್ಟು ಜನರ ಬಳಕೆಯ ಟಾಂಕಿ ಹೆಚ್ಚುಕಡಿಮೆ ಬರಿದಾಗಿತ್ತು. ನನಗೆ ಒಂದು ಗಳಿಗೆ ಸಮಾಧಾನವೇ ಆಯಿತು, ನೋಡಿ ಎಷ್ಟು ಖಾಲಿ ಇದೆ ಎಂದು. ವಿನಾಯಕನ ಮುಖ ನೋಡಿದ ಮೇಲೆ ಆ ಸಮಾಧಾನ ಹೋಯಿತು.

ಅವನು ಚೀಲದಿಂದ, ನೀರಿಗೆ ಬಿದ್ದರೆ ಹಸಿರಾಗುವ ಬಣ್ಣದ ಸಣ್ಣ ಬಾಟಲಿ ತೆಗೆದ. ಪಾಯಖಾನೆಯಲ್ಲಿ ಸುರಿದು ನೀರು ಬಿಟ್ಟ. "ಇದ್ರಿಂದ ಏನೂ ಅಪಾಯ ಇಲ್ಲ. ಬಾವೀಲಿ ಬಂದ್ರೆ ಗೊತ್ತಾಗ್ತದೆ. ಬರ್ಲಿಕ್ಕಿಲ್ಲ ಅಂತ ಇಟ್ಕೊಳ್ಳಿ. ಆದ್ರೆ ನಾ ಹೇಳೂ ತನ್ಕ ಆ ನೀರು ಯಾರೂ ಕುಡೀಬೇಡಿ. ಯಾರಿಗೂ ಕೊಡ್ಲೂಬೇಡಿ."

ಕೊನೆಯ ಮಾತಿಗೆ ವೈನಿ ತಲೆಯೆತ್ತಿದಳು.

ಅವಳಿಗೆ ಕಷ್ಟವಾದದ್ದು ಅಲ್ಲಿಯೇ. ಕೇರಿಯ ಗಿರಿಜಾ ದಿನವೂ ಸಂಜೆ ಬರುವವಳು. ಗಂಡ ದೋಣಿಗೆ ಹೋಗುತ್ತಾನೆ, ಅವಳು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಾಳೆ. ಮಾರಿ ಬಂದವಳು ಕೈಕಾಲು ತೊಳೆದು, ನಮ್ಮ ಬಾವಿಯಿಂದ ಎರಡು ಕೊಡ ನೀರು ಒಯ್ಯುತ್ತಾಳೆ. ಒಳ್ಳೆಯ ಬಂಗಡೆ ಸಿಕ್ಕ ದಿನ ನಾಲ್ಕು ಬಂಗಡೆ ಎಲೆಯಲ್ಲಿ ಸುತ್ತಿ ಮೆಟ್ಟಿಲ ಮೇಲಿಟ್ಟು ಹೋಗುತ್ತಾಳೆ. ಆಗ ಅವಳ ಮಗಳು ಹೆರಿಗೆಗೆ ಬಂದಿದ್ದಳು. ಕೂಸು ಹುಟ್ಟಿ ಹೆಚ್ಚು ದಿನವಾಗಿರಲಿಲ್ಲ. ಅದನ್ನು ಮೀಯಿಸುವುದಕ್ಕೂ ಬಾಣಂತಿ ಕುಡಿಯುವುದಕ್ಕೂ ಈ ನೀರೇ ಬೇಕೆಂದು ವೈನಿಯೇ ಹೇಳಿಕಳಿಸಿದ್ದಳು.

ಆ ಸಂಜೆ ಗಿರಿಜಾ ಬರುವ ಹೊತ್ತಿಗೆ ವೈನಿ ಬಾವಿಯ ಹಗ್ಗ ಬಿಚ್ಚಿ ಒಳಗಿಟ್ಟುಬಿಟ್ಟಳು.

"ಹಗ್ಗ ತುಂಡಾಗದೆ ಗಿರಿಜಾ. ಪಂಪೂ ಹಾಳಾಗದೆ."

"ಎರಡೂ ಒಟ್ಟಿಗೇ?"

"ಹೌದೇ. ಎರಡೂ."

ಗಿರಿಜಾ ಅಂಗಳದಲ್ಲಿ ತುಳಸಿಕಟ್ಟೆ ಇಲ್ಲದ್ದನ್ನು ನೋಡಿದಳು, ನನ್ನನ್ನೂ ನೋಡಿದಳು, ಖಾಲಿ ಕೊಡ ಹಿಡಿದು ಹೋದಳು. ಮನೆಯಲ್ಲಿ ಗುಡ್ಡೆ ಹಾಕಿದ ಹಗ್ಗದ ಪಕ್ಕದಲ್ಲಿ ಕೂತು ವೈನಿ, "ಇಲ್ಲ ಅನ್ಲಿಲ್ಲ ನಾನು. ಹಗ್ಗ ತುಂಡಾಯ್ತು ಅಂದೆ" ಎಂದು ನನಗೆ ಎರಡು ಸಲ ಹೇಳಿದಳು.

ನಾನು ಅಲ್ಲೇ ಉಳಿದೆ. ಮರುದಿನ ಏನೂ ಕಾಣಲಿಲ್ಲ. ನಮಗೆಲ್ಲ ಧೈರ್ಯ ಬರತೊಡಗಿತು. ಅದರ ಮರುದಿನ ಬೆಳಿಗ್ಗೆ ವೈನಿ ನೋಡುವುದಕ್ಕೆಂದೇ ರಾಟೆಗೆ ಮತ್ತೆ ಹಗ್ಗ ಹಾಕಿ ಒಂದು ಕೊಡ ಸೇದಿದಳು. ಹಿತ್ತಾಳೆಯ ಕೊಡ, ಒಳಗೆ ನೀರು ಎಂದಿನ ಹಾಗೇ ಕಂಡಿತು. "ನೋಡು ತಮಾ, ಏನೂ ಇಲ್ಲ" ಎಂದಳು. ಬಿಳಿ ಪಿಂಗಾಣಿ ಬೋಗುಣಿಯೊಂದಕ್ಕೆ ಸುರಿಯಿರಿ ಎಂದು ನಾನು ಹೇಳಬಾರದಿತ್ತೇನೋ. ಹೇಳಿದೆ. ಸುರಿದಳು. ಬಿಸಿಲಿಗೆ ಹಿಡಿದ ಎಳೆ ಬಾಳೆಲೆಯ ಬಣ್ಣ. ತೀರ ತೆಳು. ಬೋಗುಣಿಯನ್ನು ಅಲುಗಿಸಿದರೆ ಅಂಚಿನಲ್ಲಿ ಹೊಳೆಯುತ್ತಿತ್ತು.

"ಚಂದ ಅದೆ" ಎಂದಳು ವೈನಿ.

ಅವಳು ಹಾಗೆಂದದ್ದನ್ನು ನಾನು ಮರೆತಿಲ್ಲ. ನಿಜವಾಗಿಯೂ ಅದು ಚಂದವಿತ್ತು.

ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತಳು. ವಿನಾಯಕ ಫೋನಿನಲ್ಲಿ ನನಗೆ ವಿವರಿಸಿದ: ತೂತು ತೂತಾದ ಚಿರೇಕಲ್ಲಿನ ನೆಲ, ಬುಡವಿಲ್ಲದ ಗುಂಡಿ, ಹಿಂದೆ ನಾಲ್ಕು ಚೊಂಬು ನೀರು ಬೀಳುತ್ತಿದ್ದಾಗ ಮಣ್ಣು ಹೇಗೋ ತಡೆದುಕೊಂಡಿತ್ತು, ಈಗ ಬೀಳುವ ನೀರನ್ನು ಅದು ತಡೆಯಲಾರದು. ಮೇಲೆ ಪಂಪು ಬೇರೆ. "ಟಾಂಕಿ ಬಿಡ್ತದೆ, ಬಾವಿ ಎಳ್ಕೊಳ್ತದೆ" ಎಂದ. ನಾನು ಅದನ್ನು ವೈನಿಗೆ ಹೇಳಬೇಕಾಗಿ ಬರಲಿಲ್ಲ.

"ತುಂಬೂದಿಲ್ಲ, ತುಂಬೂದಿಲ್ಲ ಅಂತ ಹೇಳ್ತಾ ಬಂದ್ವಲ್ಲ ತಮಾ. ಹಂಗಾರೆ ಎಲ್ಲಿಗೆ ಹೋಗ್ತದೆ ಅಂತ ಒಬ್ರೂ ಕೇಳ್ಲಿಲ್ಲ."

ಬೋಗುಣಿಯ ನೀರನ್ನು ಇನ್ನೊಮ್ಮೆ ನೋಡಿ, "ನಿನ್ನ ಅಣ್ಣಂಗೆ ಕ್ಯಾನಲ್ಲಿ ಒಯ್ದದ್ದೂ ಇದೇ ಅಲ್ಲಾ?" ಎಂದಳು.

ಅಣ್ಣ ಕಾರವಾರದ ಆಸ್ಪತ್ರೆಯಲ್ಲಿದ್ದಾಗ ಅವನಿಗೆ ಅಲ್ಲಿಯ ನೀರು ಸೇರುತ್ತಿರಲಿಲ್ಲ. ಮನೆಯ ನೀರು ಬೇಕೆನ್ನುತ್ತಿದ್ದ. ವೈನಿ ಕ್ಯಾನು ತುಂಬಿಕೊಡುತ್ತಿದ್ದಳು, ನಾನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದೆ. ಅವನು ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಅಣ್ಣ ಹೋದದ್ದು ಹೃದಯದ ಕಾಯಿಲೆಯಿಂದ. ಡಾಕ್ಟರು ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ, ನಾನೂ ಸ್ಪಷ್ಟವಾಗಿಯೇ ಬರೆಯುತ್ತೇನೆ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಬೆಳಿಗ್ಗೆ ನನ್ನ ತೊಡೆಯ ಮೇಲೆ ಆ ಕ್ಯಾನಿನ ತಂಪು ಮತ್ತೆ ಹತ್ತಿದ ಹಾಗಾಯಿತು. ಈಗಲೂ ಬಸ್ಸಿನಲ್ಲಿ ಕೂತಾಗ ಕೆಲವೊಮ್ಮೆ ಹಾಗಾಗುತ್ತದೆ.

ನಾವು ಹೀಗೆ ಕೂತಿರುವಾಗಲೇ ಗಿರಿಜಾ ಬಂದಳು. ಹೆಗಲ ಮೇಲೆ ದೋಣಿಗೆ ಕಟ್ಟುವ ದಪ್ಪ ಹಗ್ಗದ ಸುರುಳಿ.

"ತಕಳಿ ಅಕ್ಕಾ. ಇದು ತುಂಡಾಗೂದಿಲ್ಲ. ಸಮುದ್ರ ಎಳದ್ರೂ ತಡೀತದೆ."

ವೈನಿ ಏಳಲಿಲ್ಲ. ಬೋಗುಣಿಯ ಮೇಲೆ ಸೆರಗು ಮುಚ್ಚಿದಳು. ಅಷ್ಟರಲ್ಲಿ ಗಿರಿಜಳ ಕಣ್ಣಿಗೆ ಬಾವಿಯ ರಾಟೆಯಲ್ಲಿದ್ದ ಹಗ್ಗ ಬಿತ್ತು. ತುಂಡಾಗದ, ನೀರು ಸೇದಿ ಒದ್ದೆಯಾದ ಹಗ್ಗ. ಅವಳ ದನಿ ತಗ್ಗಿತು.

"ಹಗ್ಗ ಅಡ್ಡಿಲ್ಲ ಅಲ್ಲಾ."

"ಗಿರಿಜಾ..."

"ಪ್ಯಾಟೀ ಜನ ಬಂದು ಉಳೀತಾರೆ, ಅದ್ಕೆ ನೀರು ಕಟ್ಟಿ ಇಡ್ತ್ರಿ ಅಂತ ಕೇರೀಲಿ ಹೇಳ್ತಿದ್ರು. ನಾ ಜಗಳ ಮಾಡ್ದೆ. ಶಾರದಕ್ಕ ಹಂಗಲ್ಲ ಅಂತ ಜಗಳ ಮಾಡ್ದೆ. ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತು ಅಕ್ಕಾ. ಬೇಡ ಅಂದಿದ್ರೆ ನಾ ಬರ್ತಿದ್ನಾ?"

ವೈನಿಯ ಎದುರಿಗೆ ಎರಡು ದಾರಿಗಳಿದ್ದವು. ಜಿಪುಣಿ ಎನಿಸಿಕೊಂಡು ಸುಮ್ಮನಿರುವುದು. ಅದರಿಂದ ನೀರೂ ನಿಲ್ಲುತ್ತಿತ್ತು, ತುಳಸಿಯ ಕೆಳಗಿನ ಸಂಗತಿಯೂ ಮನೆಯೊಳಗೇ ಉಳಿಯುತ್ತಿತ್ತು. ಅಥವಾ ಇದ್ದದ್ದನ್ನು ಹೇಳುವುದು. ನಾನಾಗಿದ್ದರೆ ಯಾವುದನ್ನು ಆರಿಸುತ್ತಿದ್ದೆನೋ ತಿಳಿಯದು. ಅವಳು ಎದ್ದು ಗಿರಿಜಳ ಕೈ ಹಿಡಿದಳು.

"ಇಲ್ಲಿ ಬೇಡ, ಬಾ" ಎಂದು ಬಾವಿಯಿಂದ ದೂರ, ಅಂಗಳದ ನಡುವೆ, ತೆರೆದ ಹಾಸುಗಲ್ಲಿನ ಹತ್ತಿರ ಕರೆದುಕೊಂಡು ಹೋದಳು. ಅಷ್ಟು ದೂರ ಯಾಕೆ ಎಂದು ಗಿರಿಜಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಬಾವಿಗೆ ಕೇಳಿಸಬಾರದು.

ಅಲ್ಲಿ ನಿಂತು ಎಲ್ಲ ಹೇಳಿದಳು. ಬೋಗುಣಿ ತಂದು ತೋರಿಸಿದಳು. ಗಿರಿಜಾ ಹಗ್ಗವನ್ನು ಹೆಗಲಿನಿಂದ ಇಳಿಸದೆ ಕೇಳಿಸಿಕೊಂಡಳು.

"ಕೂಸಿಗೆ ನಿನ್ನೆ, ಮೊನ್ನೆ ನಮ್ಮನಿ ಉಪ್ಪು ನೀರಲ್ಲೇ ಮೀಸಿದ್ದು" ಎಂದಳು ಆಮೇಲೆ. "ಅದ್ಕೂ ಮೊದ್ಲು?"

"ಅದ್ಕೂ ಮೊದ್ಲು ಇದೇ" ಎಂದಳು ವೈನಿ.

ಗಿರಿಜಾ ಅಂಗಳ ದಾಟಿ ಹೋದಳು. ಆಸರಿಗೆ ಏನಾದರೂ ಬೇಕೇ ಎಂದು ವೈನಿ ಕೇಳಲಿಲ್ಲ. ನನ್ನ ಬುದ್ಧಿ ತಿಳಿದಾಗಿನಿಂದ ಆ ಮನೆಯ ಅಂಗಳದಿಂದ ಒಬ್ಬರು ಹಾಗೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೂಸಿಗೆ ಏನೂ ಆಗಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು. ಡಾಕ್ಟರಿಗೆ ತೋರಿಸಿದರು, ಚೆನ್ನಾಗಿದೆ ಎಂದರು. ಆದರೆ ಮಳೆ ಶುರುವಾದಾಗಲೆಲ್ಲ ಕೇರಿಯಲ್ಲಿ ಮಕ್ಕಳಿಗೆ ಹೊಟ್ಟೆ ಕೆಡುತ್ತಿತ್ತು. ಮಾವಿನ ಹಣ್ಣಿನ ಉಷ್ಣವೆಂದು ನಾವೆಲ್ಲ ಹೇಳುತ್ತಿದ್ದೆವು. ಆ ಮಕ್ಕಳಿಗೆ ಗಂಜಿ ಬೇಯಿಸಲು ವೈನಿ ನಮ್ಮ ಬಾವಿಯ ನೀರನ್ನೇ ಕಳಿಸುತ್ತಿದ್ದಳು. ಅದು ನೀರಿನಿಂದಲೇ ಆಯಿತೆಂದು ನಾನು ಸಾಕ್ಷಿ ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ವೈನಿ ಆ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತ ಕೂತದ್ದನ್ನು ಮಾತ್ರ ಕಂಡಿದ್ದೇನೆ. ಈಗ ಅವರಲ್ಲಿ ಕೆಲವರಿಗೆ ಮೀಸೆ ಬಂದಿದೆ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ತುಂಬಿದ ಕೊಡ ಇತ್ತು. ಗಿರಿಜಾ ಅದರ ಪಕ್ಕದಲ್ಲಿ ನಿಂತಿದ್ದಳು.

"ಪಂಚಾಯ್ತಿ ನಳದ್ದು. ನಿಮ್ಮ ಬದಿಗೆ ನಳ ಬರ್ಲಿಲ್ಲ ಅಲ್ಲಾ. ಔಷಧಿ ವಾಸ್ನೆ ಬರ್ತದೆ ಅಂತ ನಾವೂ ಮುಟ್ತಿರ್ಲಿಲ್ಲ, ನಿಮ್ಗೆ ಸೇರ್ತದೋ ಇಲ್ವೋ."

ವೈನಿ ಬಾಗಿಲಲ್ಲೇ ನಿಂತಳು. ಬೇರೆಯವರ ಮನೆಯಿಂದ ನೀರು ತಂದು ಕುಡಿದ ರೂಢಿ ಅವಳಿಗಿಲ್ಲ. ಕೈಯನ್ನು ಮುಂದೆ ಮಾಡುವುದು ಹೇಗೆಂದೇ ಅವಳಿಗೆ ತಿಳಿಯದ ಹಾಗಿತ್ತು.

"ಹಿಡೀರಿ ಅಕ್ಕಾ. ನಂಗೆ ಪ್ಯಾಟಿಗೆ ಹೊತ್ತಾಗ್ತದೆ. ಮೀನು ನನ್ನ ಕಾಯೂದಿಲ್ಲ" ಎಂದಳು ಗಿರಿಜಾ.

ವೈನಿ ಹಿಡಿದಳು.

ಆಮೇಲೆ ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ ಮುಚ್ಚಿಸಿದೆವು. ಬಾವಿಯಿಂದ ದೂರ, ಇಳಿಜಾರಿನ ಕೆಳಗೆ, ಬುಡಕ್ಕೂ ಗೋಡೆಗೂ ಸಿಮೆಂಟು ಹಾಕಿದ ಹೊಸ ಟಾಂಕಿ ಬಂತು. ಮುಚ್ಚಳ ಎಲ್ಲರಿಗೂ ಕಾಣುವ ಹಾಗಿದೆ. ಇದು ತುಂಬುತ್ತದೆ, ತುಂಬಿದಾಗ ಖಾಲಿ ಮಾಡಿಸಬೇಕು ಎಂದು ವಿನಾಯಕ ಸುಮಾಳಿಗೆ ಗಟ್ಟಿಯಾಗಿ ಹೇಳಿದ. ಬಾವಿಯ ನೀರನ್ನು ಪೂರಾ ತೆಗೆಸಿ ಔಷಧಿ ಹಾಕಿಸಿದ್ದಾಯಿತು. ಮಳೆಗಾಲ ಕಳೆದ ಮೇಲೆ ನೀರನ್ನು ಪರೀಕ್ಷೆಗೆ ಕಳಿಸಿದೆವು. ಈಗ ಕುಡಿಯಬಹುದು ಎಂದು ಬಂತು. ವಿನಾಯಕನಿಗೆ ನಂಬಿಕೆಯಾಗದೆ ಇನ್ನೊಮ್ಮೆ ಕಳಿಸಿದ. ಮತ್ತೆ ಹಾಗೇ ಬಂತು. ಅವನೇ ಫೋನು ಮಾಡಿ ವೈನಿಗೆ ಹೇಳಿದ.

ಸುದ್ದಿ ಗಿರಿಜಳಿಗೂ ಮುಟ್ಟಿತು. ಖಾಲಿ ಕೊಡ ಹಿಡಿದೇ ಬಂದಳು. ಆ ದಿನ ನಾನೂ ಅಲ್ಲಿದ್ದೆ.

"ಸರಿಯಾಯ್ತಂತಲ್ಲಾ ಅಕ್ಕಾ. ಹಗ್ಗ ಹಾಕಿ."

ವೈನಿ ಅವಳನ್ನು ಮತ್ತೆ ಬಾವಿಯಿಂದ ದೂರ ಕರೆದುಕೊಂಡು ಹೋದಳು.

"ಕೂಸು ಸ್ವಲ್ಪ ದೊಡ್ಡ ಆಗ್ಲಿ" ಎಂದಳು.

ಗಿರಿಜಾ ಖಾಲಿ ಕೊಡವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿಕೊಂಡು ಹೋದಳು.

ಸುಮಾ ಬಾವಿಯ ನೀರಿನಲ್ಲಿ ಅಡುಗೆ ಮಾಡುತ್ತಾಳೆ. ಎರಡು ಕೋಣೆಗಳೂ ಎದ್ದಿವೆ, ಪ್ರವಾಸಿಗರು ಬಂದಿಳಿಯುತ್ತಾರೆ, ಅವರು ಬಾಟಲಿ ನೀರು ತಂದುಕೊಂಡೇ ಇರುತ್ತಾರೆ. ತುಳಸಿ ಹೊಸ ಜಾಗದಲ್ಲಿ ಬದುಕಿದೆ, ಆದರೆ ಮೊಣಕಾಲಿಗಿಂತ ಮೇಲೆ ಬಂದಿಲ್ಲ. ಬೀಜ ಯಾರೂ ಕೇಳುವುದಿಲ್ಲ. ಕೇರಿಯ ಹೆಂಗಸರು ನಳದ ಮುಂದೆ ಸಾಲು ನಿಲ್ಲುತ್ತಾರೆ. ಯಾರೂ ವೈನಿಗೆ ಏನೂ ಅನ್ನಲಿಲ್ಲ. ಒಬ್ಬರಾದರೂ ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ.

ಮೊನ್ನೆ ಹೋಗಿದ್ದೆ. ಜಗಲಿಯ ಮೇಲೆ ಕೂತೆ. ಒಳಗೆ ಮೂಲೆಯಲ್ಲಿ ಗಿರಿಜಾ ತಂದಿಟ್ಟ ಕೊಡ ಬೇರೆಯೇ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. ವೈನಿ ಬೆಲ್ಲದ ಚೂರು ತಂದಳು, ಆ ಕೊಡದಿಂದ ಒಂದು ಲೋಟ ನೀರು ತಂದಳು. ನಾನು ಕುಡಿಯುವುದನ್ನು ನೋಡುತ್ತ ನಿಂತಿರುತ್ತಾಳೆಂದುಕೊಂಡೆ. ಹಗೂರ ಅದೆ ಅಲ್ಲಾ ಎಂದು ಕೇಳಿದರೆ ಹೌದು ಎನ್ನಬೇಕೆಂದು ಸಿದ್ಧನಾಗಿದ್ದೆ.

"ಇದು ಗಿರಿಜಾ ಮನಿ ನೀರು" ಎಂದಳು. ಮನೆಗೆ ಬಂದವರಿಗೆಲ್ಲ ಈಗ ಹಾಗೇ ಹೇಳಿ ಕೊಡುತ್ತಾಳಂತೆ. ಬೇರೆಯವರು ಕೊಟ್ಟದ್ದನ್ನು ತನ್ನದೆಂದು ಕೊಡಲು ಅವಳಿಗೆ ಬರುವುದಿಲ್ಲ. ಹೇಳಿ, ಲೋಟ ನನ್ನ ಕೈಯಲ್ಲಿರುವಾಗಲೇ ಒಳಗೆ ಹೋದಳು.

ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಯಾರ ಮನೆಗೆ ಹೋದರೂ ಹೊರಗೆ ನೋಡುವ ಚಾಳಿಯವನು ನಾನು. ಆ ಜಗಲಿಯಿಂದ ಬಾವಿ ನೇರ ಕಾಣುತ್ತದೆ. ಲೋಟ ಖಾಲಿಯಾಗುವ ತನಕ ನಾನು ಲೋಟವನ್ನೇ ನೋಡುತ್ತಿದ್ದೆ.